ಯೋಗಂಗೆ ನಾನು ಮಾಡಿಸಿಕೊಟ್ಟ ಕಾರ್ಡು

ಹೋದ ತಿಂಗಳು ದೊಡ್ಡಗಾಜನೂರಿನ ಕಡೆಯ ನನ್ನ ಹಳೆಯ ಅಂಗನವಾಡಿಗೆ ಹೋಗಿದ್ದೆ. ಈಗ ನನ್ನನ್ನು ತಾಳಮಲೆಯ ಹತ್ತಿರದ ಕೇಂದ್ರಕ್ಕೆ ಹಾಕಿದ್ದಾರೆ; ಮಕ್ಕಳ ತೂಕದ ಹಳೆಯ ರಿಜಿಸ್ಟರ್ ಒಂದು ಬೇಕಾಗಿತ್ತು. ಬಾಗಿಲು ದಾಟುತ್ತಲೇ ಬಣ್ಣದ ವಾಸನೆ ಮೂಗಿಗೆ ಹೊಡೆಯಿತು. ಎನಾಮಲ್ಲು, ಟರ್ಪೆಂಟೈನು, ನೆನೆದ ಸುಣ್ಣ, ಮೂರೂ ಸೇರಿದ ವಾಸನೆ. ಇಬ್ಬರು ಪೇಂಟರುಗಳು ರೋಲರ್ ಹಿಡಿದು ಗೋಡೆಗೆ ತಿಳಿಹಸಿರು ಬಳಿಯುತ್ತಿದ್ದರು. ಅಲ್ಲಿ ಬರೆದಿದ್ದ ಆನೆಯ ಬೆನ್ನು ಆಗಲೇ ಮುಚ್ಚಿಹೋಗಿತ್ತು, ಕಾಲು ಮಾತ್ರ ಕಾಣುತ್ತಿತ್ತು.

"ಯಾಕ್ ಟೀಚರ್, ತಲೆ ಸುತ್ತಾಯ್ತಾ? ಈ ವಾಸ್ನೆ ಕೆಲವ್ರಿಗೆ ಆಗಕ್ಕಿಲ್ಲ, ಈಚೆ ಕೂತ್ಕಳಿ" ಅಂದ ಒಬ್ಬ.

ಈಚೆ ಬಂದು ಜಗಲಿಯ ಮೇಲೆ ಕೂತುಕೊಂಡೆ. ಅಲ್ಲಿಯ ಟೀಚರ್ ತಂದುಕೊಟ್ಟ ರಿಜಿಸ್ಟರ್ ತೊಡೆಯ ಮೇಲಿತ್ತು, ತೆರೆಯಲಿಲ್ಲ.

ಆ ಆನೆಯನ್ನು ಬರೆದವಳು ಯೋಗೇಶ್ವರಿ. ನಾವೆಲ್ಲ ಯೋಗಂ ಅನ್ನುತ್ತಿದ್ದೆವು. ಅವಳು ಬಂದದ್ದು ಒಂದು ಆಷಾಢದಲ್ಲಿ, ಕೊರೋನಾ ಕಳೆದು ಮಕ್ಕಳು ಮತ್ತೆ ಅಂಗನವಾಡಿಗೆ ಬರಲು ಶುರುಮಾಡಿದ ವರ್ಷ. ಕಟ್ಟಡ ರಿಪೇರಿಯಾಗಿತ್ತು, ಬಣ್ಣ ಹೊಡೆಸಬೇಕಾಗಿತ್ತು. ಘಟ್ಟದ ಕೆಳಗೆ ಲಂಕೆಯಿಂದ ಬಂದ ತಮಿಳರ ಕ್ಯಾಂಪು ಇದೆಯಲ್ಲ, ಅಲ್ಲಿಯವರು ಬಣ್ಣದ ಕೆಲಸಕ್ಕೆ ಹೆಸರಾದವರು. ಮೇಸ್ತ್ರಿ ಅಲ್ಲಿಂದ ನಾಲ್ಕು ಜನರನ್ನು ಕರೆತಂದ. ಮೂವರು ಗಂಡಸರು, ಒಬ್ಬಳು ಹೆಂಗಸು. ನಮ್ಮ ಆಷಾಢ ಗೊತ್ತಲ್ಲ, ಮಳೆ ಸುರಿಯುವುದೂ ಇಲ್ಲ, ಬಿಡುವುದೂ ಇಲ್ಲ, ಗಾಳಿಯ ಜೊತೆ ಸೋನೆ ಹಿಡಿದುಕೊಂಡಿರುತ್ತದೆ. ಗೋಡೆ ಒಣಗಲೇ ಇಲ್ಲ. ನಾಲ್ಕು ದಿನ ಕಾದು ಗಂಡಸರು ಬೇರೆ ಕೆಲಸ ಹುಡುಕಿಕೊಂಡು ಇಳಿದುಹೋದರು. ಚಿತ್ರ ಬರೆಯುವುದು ಅವಳ ಪಾಲಿನ ಕೆಲಸ; ಅವಳು ಉಳಿದಳು.

ನಮ್ಮ ಮನೆಯ ಮುಂದಿನ ಕೋಣೆ ಖಾಲಿ ಇತ್ತು. ಯಜಮಾನರು ತೀರಿಕೊಂಡು ಒಂಬತ್ತು ವರ್ಷ, ಮಕ್ಕಳಿಲ್ಲ. ಆ ಕೋಣೆಯಲ್ಲಿ ರಾಗಿ ಮೂಟೆ, ಒಂದು ಹಳೆ ಸೈಕಲ್ಲು. ಸೈಕಲ್ಲನ್ನು ಹಿತ್ತಲಿಗೆ ಸಾಗಿಸಿ ಚಾಪೆ ಹಾಕಿಕೊಟ್ಟೆ.

ಮೊದಲ ವಾರ ನಮ್ಮಿಬ್ಬರ ನಡುವೆ ಇದ್ದ ದೊಡ್ಡ ವಿಷಯ ಒಣಮೀನು. ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಅವಳಿಗೆ ಅದಿಲ್ಲದೆ ಅನ್ನ ಇಳಿಯುವುದಿಲ್ಲ. ಬಾಯಿಬಿಟ್ಟು ಕೇಳಲಿಲ್ಲ, ಎರಡು ದಿನ ಬರಿ ತಿಳಿಸಾರು ಕಲಸಿಕೊಂಡು ಎದ್ದಳು. ಮೂರನೇ ದಿನ ನಾನೇ ಹಿತ್ತಲಲ್ಲಿ ಮೂರು ಕಲ್ಲು ಇಟ್ಟುಕೊಟ್ಟೆ. ಕೆಂಡದ ಮೇಲೆ ಸುಟ್ಟು, ತೆಂಗಿನಕಾಯಿ, ಕೆಂಪು ಮೆಣಸಿನ ಜೊತೆ ಅರೆದು ತಿನ್ನುವಳು. ಅದರ ವಾಸನೆಗೆ ಬೀದಿಯ ಬೆಕ್ಕೆಲ್ಲ ನಮ್ಮ ಹಿತ್ತಲಿಗೆ ಬಂದವು. ಅಂಗನವಾಡಿಯ ಆಯಾ ಮಾದಮ್ಮ, ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿಗೆ ಬೀಗ ಇಲ್ಲದವಳು, ಬೇಲಿಯಾಚೆಯಿಂದಲೇ ಕೂಗಿದಳು:

"ಏನ್ ರಾಜಮ್ಮ ಟೀಚರ್, ಮಠದ ಮನೇಲಿ ಸಮುದ್ರ ಬಂದದೆ?"

"ಬಂದದೆ ಕಣ. ನಿಂಗೂ ಒಂದು ತುಂಡು ಬೇಕಾ?"

"ತಂದ್ಕೊಡು ಮತ್ತೆ, ಬರೀ ವಾಸ್ನೆ ತೋರುಸ್ಬುಟ್ಟು ಓಗ್ಬೇಡ!"

ನಮ್ಮ ಸೀಮೆ ತಮಿಳುನಾಡಿಗೆ ಸೇರಿದ್ದು; ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು. ಅವಳ ತಮಿಳು ನಮ್ಮ ಸಂತೆಯ ತಮಿಳಲ್ಲ. ಬೇರೆ ರಾಗ, ಬೇರೆ ಮಾತು. ತಿಂಗಳೆರಡರಲ್ಲಿ ಕನ್ನಡವನ್ನೂ ಒಂದಿಷ್ಟು ಬೆರೆಸಿಕೊಂಡಳು. ಅವಳು ಹೇಳಿದ್ದನ್ನೆಲ್ಲ ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನ್ನನ್ನು ಟೀಚರಕ್ಕ ಅನ್ನುತ್ತಿದ್ದಳು, ಆಮೇಲೆ ಬರೀ ಅಕ್ಕ.

ಕಥೆ ಒಂದೇ ಸಲ ಹೇಳಲಿಲ್ಲ. ಸೊಪ್ಪು ಬಿಡಿಸುವಾಗ ಒಂದು ತುಂಡು, ಬ್ರಷ್ ತೊಳೆಯುವಾಗ ಒಂದು ತುಂಡು. ಅವಳ ತಾತನ ಕಾಲದವರು ತಮಿಳುನಾಡಿನಿಂದಲೇ ಲಂಕೆಯ ಚಹಾ ತೋಟಕ್ಕೆ ಹೋದವರಂತೆ. ಆಮೇಲೊಂದು ದಿನ ಎರಡು ಸರಕಾರಗಳು ಕೂತು, ಇಷ್ಟು ಜನ ನಿಮಗೆ, ಇಷ್ಟು ಜನ ನಮಗೆ ಅಂತ ಅವರನ್ನು ಹಂಚಿಕೊಂಡವಂತೆ. ಇವಳ ಮನೆಯವರು ಯಾರ ಪಾಲಿಗೂ ಸರಿಯಾಗಿ ಬರಲಿಲ್ಲ. ತೋಟದಲ್ಲಿ ಗಲಾಟೆಯಾಗಿ ಉತ್ತರದ ಮನ್ನಾರ್ ಕಡೆಗೆ ಹೋದರು, ಅಲ್ಲಿ ಯುದ್ಧ ಶುರುವಾಗಿ ದೋಣಿ ಹತ್ತಿದರು. ಆಗ ಇವಳಿಗೆ ಆರು ವರ್ಷ. ದೋಣಿಯಲ್ಲಿ ಅಮ್ಮ ಬಾಯಿಗೆ ಬಟ್ಟೆ ತುರುಕಿದ್ದಳು, ಅಳಬಾರದು ಅಂತ. ಅಷ್ಟೇ ನೆನಪು ಅಂದಳು. ಆಮೇಲಿನದೆಲ್ಲ ಕ್ಯಾಂಪು. ಓದಿದ್ದು, ಮದುವೆಯಾದದ್ದು, ಮಗಳು ದರ್ಶಿನಿ ಹುಟ್ಟಿದ್ದು, ಎಲ್ಲ ಒಂದೇ ಬೇಲಿಯೊಳಗೆ.

ಯುದ್ಧ ಮುಗಿದು ಎಷ್ಟೋ ವರ್ಷಕ್ಕೆ ಗಂಡನ ಮನೆಯವರ ಜಾಗವನ್ನು ಅಲ್ಲಿಯ ಮಿಲಿಟರಿಯವರು ಬಿಟ್ಟುಕೊಟ್ಟರು. ವಾಪಸು ಹೋಗೋಣ ಅಂತ ಮೂವರೂ ಅರ್ಜಿ ಹಾಕಿದರು. ಗಂಡನ ಹತ್ತಿರ ಲಂಕೆಯ ಜನನ ಪತ್ರ ಇತ್ತು, ಅದರ ಮೇಲೆ ಮಗಳಿಗೂ ಕಾಗದ ಆಯಿತು. ಇವಳದು ತೋಟದ ಕೂಲಿಗಳ ಲೈನ್ ಮನೆಯಲ್ಲಿ ಆದ ಹೆರಿಗೆ, ಯಾರೂ ಬರೆಸಿರಲಿಲ್ಲ. ನೀವಿಬ್ಬರೂ ಮುಂದೆ ಹೋಗಿ, ಇವರದ್ದು ಎರಡು ತಿಂಗಳಲ್ಲಿ ಬರುತ್ತದೆ ಅಂದರಂತೆ ಆಫೀಸಿನವರು. ಅವರು ಹೋದ ಹಿಂದೆಯೇ ಕೊರೋನಾ ಬಂತು. ವಿಮಾನ ನಿಂತಿತು, ಆಫೀಸು ಮುಚ್ಚಿತು. ಎರಡು ತಿಂಗಳು ಅಂದದ್ದು ಎರಡೂವರೆ ವರ್ಷವಾಯಿತು. ಒಂಬತ್ತು ವರ್ಷದ ಕೂಸನ್ನು ಕಳಿಸಿದ್ದಳು, ಈಗ ಅದಕ್ಕೆ ಹನ್ನೆರಡು ನಡೆಯುತ್ತಿತ್ತು.

ಆ ವರ್ಷವೇ ಲಂಕೆಯಲ್ಲಿ ದುಡ್ಡಿಲ್ಲ, ಪೆಟ್ರೋಲಿಲ್ಲ, ಕರೆಂಟಿಲ್ಲ ಅಂತ ಟೀವಿಯಲ್ಲೆಲ್ಲ ಅದೇ ಸುದ್ದಿ. ಪಕ್ಕದ ಮನೆಯ ಸಿದ್ದಪ್ಪಣ್ಣ ಕೋಸಿನ ಹೊಲಕ್ಕೆ ಹೋಗುವ ಮೊದಲು ನಮ್ಮ ಜಗಲಿಯಲ್ಲಿ ಕೂತು ಪೇಪರ್ ಓದಿ ಹೋಗುವವನು. ಅವನಿಗೆ ಇವಳದು ಅರ್ಥವೇ ಆಗುತ್ತಿರಲಿಲ್ಲ.

"ಅಲ್ಲ ಕಣವ್ವ, ಅಲ್ಲಿಂದ ಜನ ದೋಣಿ ಅತ್ಕೊಂಡು ಇತ್ಲಾಗೆ ಓಡಿ ಬತ್ತಾವ್ರೆ. ನೀನು ಅತ್ಲಾಗೆ ಓಗ್ತೀನಿ ಅಂತೀಯಲ್ಲ, ತಲೆ ಗಿಲೆ ಕೆಟ್ಟದಾ?"

ಯೋಗಂ ನವಿಲಿನ ಕಣ್ಣಿಗೆ ನೀಲಿ ಕಲಸುತ್ತಿದ್ದಳು. ತಲೆ ಎತ್ತದೆ ಅಂದಳು: "ಅಣ್ಣಾ, ನಿಮ್ಮ ಹಸು ಆನೆ ಇರುವ ಕಾಡಿಗೆ ನುಗ್ಗಿದರೆ, ಅಲ್ಲಿಂದ ಜಿಂಕೆ ಓಡಿ ಬರ್ತಾ ಇದೆ ಅಂತ ನೀವು ಮನೇಲಿ ಕೂರ್ತೀರಾ?"

ಸಿದ್ದಪ್ಪಣ್ಣ ಪೇಪರ್ ಮಡಚಿ ಕಂಕುಳಲ್ಲಿ ಇಟ್ಟುಕೊಂಡ. "ಓಗವ್ವ, ನಿಂಜೊತೆ ಮಾತಲ್ಲಿ ಯಾವನ್ ಗೆಲ್ಲಾನು" ಅಂದು ಎದ್ದ.

ಅಂಗನವಾಡಿ ಗೋಡೆ ನೋಡಿದ ಊರಿನವರು ಶಾಲೆಯ ಗೋಡೆಗೂ ಬರೆಯಲಿ ಅಂದರು, ಆಮೇಲೆ ನೀರಿನ ಟ್ಯಾಂಕಿಗೆ ಅಂದರು. ಹಾಗೆ ಅವಳ ಕೆಲಸ ಬೆಳೆಯಿತು, ಇರುವಿಕೆಯೂ ಬೆಳೆಯಿತು. ತಿಂಗಳಿಗೊಮ್ಮೆ ಮಾತ್ರ ಇಳಿದು ಹೋಗಲೇಬೇಕು. ಕ್ಯಾಂಪಿನಲ್ಲಿ 'ಚೆಕಿಂಗ್' ಇರುತ್ತದೆ. ಅಧಿಕಾರಿಗಳು ಬಂದು ಹೆಸರು ಕೂಗುತ್ತಾರೆ, ಎದುರಿಗೆ ನಿಂತು ಕಾರ್ಡು ತೋರಿಸಬೇಕು. ಶ್ರಾವಣದ ಚೆಕಿಂಗ್ ದಿನ ಬೆಳಗಿನ ಮೊದಲ ಬಸ್ಸಿಗೆ ಹತ್ತಿಸಿ ಬಂದೆ. ತಿಂಬಂ ಘಾಟಿಯ ತಿರುವಿನಲ್ಲಿ ಲಾರಿಯೊಂದು ಅಡ್ಡ ಸಿಕ್ಕಿಕೊಂಡಿತ್ತು. ಬಸ್ಸು ನಿಂತೇ ನಿಂತಿತು. ಇವಳು ಇಳಿದು ನಡೆದೇ ಹೊರಟಳಂತೆ. ಮೂರು ತಿರುವು ದಾಟುವಷ್ಟರಲ್ಲಿ ಫಾರೆಸ್ಟಿನವರು ಬೈದು ಹಿಂದಕ್ಕೆ ಕಳಿಸಿದರು. ಕ್ಯಾಂಪು ಸೇರುವಾಗ ಹೆಸರು ಕೂಗಿ ಆಗಿತ್ತು.

ಮಾರನೇ ಸಂಜೆ ವಾಪಸು ಬಂದಾಗ ಸೆರಗಿನ ತುದಿ ಕೆಸರಾಗಿತ್ತು. ಚಪ್ಪಲಿ ಕಳಚುತ್ತಾ, "ಗೈರು ಹಾಕಿಬಿಟ್ಟರು ಅಕ್ಕ" ಅಂದಳು. ಗೈರು ಹೆಚ್ಚಾದರೆ ಹೆಸರು ತೆಗೆಯಬಹುದು, ಹೆಸರು ಹೋದರೆ ಊರಿಗೆ ಹೋಗುವ ಅರ್ಜಿಯೂ ಹೋದಂತೆ. ಮೂವತ್ತೆರಡು ವರ್ಷದಲ್ಲಿ ಅದು ಅವಳ ಮೊದಲನೇ ಗೈರು. ಕುರಿ ಎಣಿಸುವ ಹಾಗೆ ಎಣಿಸುತ್ತಾರಲ್ಲ ಅನ್ನಿಸಿತು. ನನ್ನ ತಪ್ಪಿನ ಬೀಜ ಅಲ್ಲಿ ಬಿತ್ತು ಅಂತ ಹೇಳಿಕೊಳ್ಳುವುದು ನನಗೆ ಸುಲಭ. ಪೂರ್ತಿ ನಿಜ ಅಷ್ಟೇ ಅಲ್ಲ.

ಭಾದ್ರಪದದಲ್ಲಿ, ಗೌರಿ ಹಬ್ಬ ಕಳೆದ ವಾರ, ಅಲ್ಲಿ ದರ್ಶಿನಿ ದೊಡ್ಡವಳಾದಳು. ಸುದ್ದಿ ಫೋನಿನಲ್ಲಿ ಬಂತು. ಯೋಗಂ ಶಾಲೆಯ ಗೋಡೆಯ ಹತ್ತಿರ ಏಣಿಯ ಮೇಲಿದ್ದಳು. ಇಳಿದು ಬಂದವಳು ನೇರ ಹಿತ್ತಲಿಗೆ ಹೋಗಿ ನಿಂತಳು. ವಿಷಯ ತಿಳಿದ ಮಾದಮ್ಮ ಮನೆಯೊಳಗೆ ನುಗ್ಗಿ ರಂಪ ಮಾಡಿದಳು.

"ಕೂಸು ಅಲ್ಲಿದ್ರೆ ಏನಾಯ್ತು? ಅವ್ವ ಇಲ್ಲವ್ಳಲ್ಲ! ಏಳಮ್ಮಿ, ಮಕ ತೊಳ್ಕೊ. ಟೀಚರ್, ಎಳ್ಳು ಉರಿ. ಚಿಗಳಿ ಮಾಡ್ಬುಡಾಣ."

ಎಳ್ಳು ಬೆಲ್ಲ ಕುಟ್ಟಿ ಉಂಡೆ ಕಟ್ಟಿದೆವು. ಬೀದಿಯ ಆರೇಳು ಹೆಂಗಸರು ಬಂದರು. ಮಣೆ ಹಾಕಿ, ಹಸೆ ಬರೆದು, ಹಿತ್ತಾಳೆ ಚೊಂಬಿಗೆ ಒರಗಿಸಿ ಫೋನನ್ನೇ ಮಣೆಯ ಮೇಲೆ ಕೂರಿಸಿದೆವು. ಪರದೆಯಲ್ಲಿ ಕೂಸು ಬಂತು. ಹಳದಿ ಲಂಗ, ಎಣ್ಣೆ ಹಚ್ಚಿದ ತಲೆ, ನಾಚಿಕೆ. ನಾವು ಹಾಡು ಹೇಳಿ ಫೋನಿಗೆ ಆರತಿ ಎತ್ತಿದೆವು. ದೀಪದ ಕಾವಿಗೆ ಫೋನ್ ಕೆಟ್ಟೀತು, ದೂರ ಹಿಡಿಯಿರಿ ಅಂತ ಒಬ್ಬಳು ಬೈದಳು. ಮಾದಮ್ಮ ಚಿಗಳಿ ಉಂಡೆ ತೆಗೆದು ಪರದೆಯ ಹತ್ತಿರ ಹಿಡಿದು, "ಬಾಯ್ ತೆಗಿ ಕೂಸೇ, ಆ ಅನ್ನು" ಅಂದಳು. ಭಾಷೆ ತಿಳಿಯದಿದ್ದರೂ ಕೂಸು ನಗುತ್ತಾ ಬಾಯಿ ತೆರೆಯಿತು. ಅಷ್ಟಕ್ಕೇ ಅಲ್ಲಿ ಕರೆಂಟು ಹೋಯಿತು. ತೆರೆದ ಬಾಯಿ ಹಾಗೇ ನಿಂತುಬಿಟ್ಟಿತು, ಆಮೇಲೆ ಪರದೆ ಕಪ್ಪಾಯಿತು.

ಅರ್ಧ ಗಂಟೆ ಕಾದೆವು. ಒಬ್ಬೊಬ್ಬರೇ ಕುಂಕುಮ ತೆಗೆದುಕೊಂಡು ಹೊರಟರು. ಮಾದಮ್ಮ ಉಂಡೆಯನ್ನು ಯೋಗಂ ಕೈಗೆ ಕೊಟ್ಟು, "ನೀನೇ ತಿನ್ನು. ಒಂದೇ ಒಟ್ಟೆ ತಾನೆ" ಅಂದಳು. ಯೋಗಂ ತಿಂದಳು. ಬಹಳ ಹೊತ್ತು ಅಗಿಯುತ್ತಲೇ ಇದ್ದಳು.

ಅವತ್ತಿನಿಂದ ಅವಳು ಇಲ್ಲಿ ಇದ್ದೂ ಇರಲಿಲ್ಲ. ಆಶ್ವಯುಜದಲ್ಲಿ ಚೆನ್ನೈಯಿಂದ ಸುದ್ದಿ ಬಂತು: ಲಂಕೆಯ ಕಡೆಯವರು ಇವಳನ್ನು ತಮ್ಮವಳು ಅಂತ ಒಪ್ಪಿದ್ದಾರೆ, ಇನ್ನು ನಮ್ಮ ಸರಕಾರ ದೇಶ ಬಿಡಲು ಅನುಮತಿ ಕೊಟ್ಟರೆ ಮುಗಿಯಿತು, ಫೈಲು ಜಿಲ್ಲಾ ಕಚೇರಿಗೆ ಬಂದಿದೆ. "ಇನ್ನೇನು ಅಕ್ಕ!" ಅಂತ ನನ್ನ ಎರಡೂ ಕೈ ಹಿಡಿದು ಕುಣಿಸಿದಳು. ನಾನು ಉಪ್ಪಿಟ್ಟು ತಿರುವುತ್ತಿದ್ದೆ. ಒಳ್ಳೆಯದಾಯಿತು ಅಂದೆ. ಉಪ್ಪಿಟ್ಟು ತಳ ಹಿಡಿದಿತ್ತು. ಇಬ್ಬರಿಗೆ ಅಂತ ಹಾಕಿದ ರವೆ, ಇನ್ನು ಮುಂದೆ ಅರ್ಧ ಪಾವು ಸಾಕು ಅನ್ನಿಸಿತು.

ನಮ್ಮ ಕಡೆ ಅಂಗನವಾಡಿ ಟೀಚರುಗಳಿಗೆ ಮತದಾರರ ಪಟ್ಟಿಯ ಕೆಲಸವೂ ಇರುತ್ತದೆ. ಯಾರು ಸತ್ತರು, ಯಾರು ಮದುವೆಯಾಗಿ ಬಂದರು ಅಂತ ಮನೆ ಮನೆ ತಿರುಗಿ ಹೆಸರು ಸೇರಿಸುವುದು, ತೆಗೆಯುವುದು. ಮತ್ತೆ, ಗಡಿಯಲ್ಲಿರುವ ನಾವು ಕಾಗದಗಳನ್ನು ನೋಡುವ ರೀತಿಯೇ ಬೇರೆ. ಹುಟ್ಟಿದ್ದು ಆ ರಾಜ್ಯ, ಕೊಟ್ಟದ್ದು ಈ ರಾಜ್ಯ, ಹೊಲ ಒಂದು ಕಡೆ, ಮನೆ ಒಂದು ಕಡೆ. ಹಳೆಯ ಪಟ್ಟಿಯಲ್ಲಿ ಉಳಿದ ಹೆಸರು ತೆಗೆಸಲು ಯಾರೂ ಓಡಾಡುವುದಿಲ್ಲ. ಅಲ್ಲೊಂದು ಇರಲಿ, ಇಲ್ಲೊಂದು ಇರಲಿ, ಯಾವುದೋ ಒಂದು ಕಷ್ಟಕ್ಕಾದೀತು ಅನ್ನುತ್ತಾರೆ. ಕಾರ್ಡು ಅಂದರೆ ನಮಗೆ ಕೊಡೆ ಇದ್ದ ಹಾಗೆ. ಎರಡಿದ್ದರೆ ಒಳ್ಳೆಯದೇ.

ಒಂದು ಭಾನುವಾರ ಅವಳು ಕ್ಯಾಂಪಿಗೆ ಹೋಗಿದ್ದಳು. ಆಧಾರ್ ಕ್ಯಾಂಪಿನವರಿಗೂ ಕೊಡುತ್ತಾರೆ; ಕೂಲಿ ಪಟ್ಟಿಗೆ ಅಂತ ಕೊಟ್ಟಿದ್ದ ಅವಳ ಪ್ರತಿ ನನ್ನ ಹತ್ತಿರ ಇತ್ತು. ನವಿಲಿನ ಗೋಡೆಯ ಮುಂದೆ ತೆಗೆದ ಫೋಟೋ ಫೋನಿನಲ್ಲಿತ್ತು. ಫೋನಿನಲ್ಲೇ ಓಟಿನ ಕಾರ್ಡಿನ ಅರ್ಜಿ ತುಂಬಿದೆ. ಭಾರತದ ಪ್ರಜೆ ಎಂದು ಘೋಷಿಸುತ್ತೇನೆ ಅನ್ನುವಲ್ಲಿ ಒಂದು ಚೌಕ ಒತ್ತಬೇಕು. ಎಷ್ಟೋ ಜನರಿಗೆ ಒತ್ತಿಕೊಟ್ಟ ಚೌಕ ಅದು, ಓದುವ ಅಭ್ಯಾಸವೇ ಹೋಗಿತ್ತು. ಅದೇ ಮನೆಯಲ್ಲಿ ಪಟ್ಟಿಯಲ್ಲಿರುವ ಕುಟುಂಬದವರು ಯಾರು ಅಂತ ಕೇಳಿತು. ನನ್ನ ಹೆಸರು ಹಾಕಿದೆ. ಸಂಬಂಧ ಏನು ಅಂತ ಕೇಳಿತು. ತಂಗಿ ಅಂತ ಹಾಕಿದೆ. ನಾಲ್ಕು ದಿನಕ್ಕೆ ಆ ಅರ್ಜಿ ಪರಿಶೀಲನೆಗೆ ನನ್ನ ಹತ್ತಿರವೇ ಬಂತು. ಮನೆಗೆ ಭೇಟಿ ಕೊಟ್ಟು ನೋಡಿದ್ದೀರಾ? ನೋಡಿದ್ದೇನೆ ಅಂತ ಒತ್ತಿದೆ. ನನ್ನದೇ ಮನೆ.

ಅವಳಿಗೆ ಹೇಳಲಿಲ್ಲ. ಕಾರ್ಡು ಬಂದ ಮೇಲೆ ಕೈಗಿಟ್ಟು ಸಂತೋಷ ನೋಡೋಣ ಅಂತ. ಇನ್ನು ಯಾರೂ ಇವಳ ಹೆಸರು ಕೂಗಿ ಗೈರು ಹಾಕುವ ಹಾಗಿಲ್ಲ ಅಂತ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ.

ದೀಪಾವಳಿಗೆ ಎರಡು ದಿನ ಮೊದಲು ಅಂಚೆಯಲ್ಲಿ ಕಾರ್ಡು ಬಂತು. ಶಾವಿಗೆ ಪಾಯಸ ಮಾಡಿ, ಕಾರ್ಡನ್ನು ಅವಳ ತಟ್ಟೆಯ ಪಕ್ಕ ಇಟ್ಟೆ. ಅವಳ ಕೈಯಲ್ಲಿ ಬಣ್ಣ ಇತ್ತು. ಕೊಳೆಯಾಗದಿರಲಿ ಅಂತ ಸೀಮೆಎಣ್ಣೆ ಬಟ್ಟೆಗೆ ಒರೆಸಿಕೊಂಡು ಬಂದು ಎತ್ತಿಕೊಂಡಳು. ಓದಿದಳು. ತಿರುಗಿಸಿ ಹಿಂದೆ ಓದಿದಳು. ಮತ್ತೆ ಅದನ್ನು ಎಲ್ಲಿತ್ತೋ ಅಲ್ಲೇ, ಸರಿಯಾಗಿ ಅದೇ ಜಾಗದಲ್ಲಿ ಇಟ್ಟಳು.

"ಯಾರಿಗಾದರೂ ಹೇಳಿದ್ದೀರಾ ಅಕ್ಕ?"

"ಇಲ್ಲ. ಯಾಕೆ?"

"ನಾನು ಈ ದೇಶದವಳು ಅಂತ ನಾನೇ ಬರೆದುಕೊಟ್ಟಿದ್ದೇನೆ ಅಂತ ಇದರ ಅರ್ಥ. ಚೆನ್ನೈಯಲ್ಲಿ ನಾನು ಲಂಕೆಯವಳು, ನನ್ನ ಊರಿಗೆ ಕಳಿಸಿ ಅಂತ ಅತ್ತು ಬರೆದುಕೊಟ್ಟಿದ್ದೇನೆ. ಎರಡನ್ನೂ ಒಬ್ಬರೇ ಕೂತು ಓದಿದರೆ ನಾನು ಯಾರು?"

ನಾನು ಪಾಯಸವನ್ನು ಅವಳ ಕಡೆ ಸರಿಸಿದೆ.

"ನನ್ನನ್ನು ಒಂದು ಮಾತು ಕೇಳಬಹುದಿತ್ತು" ಅಂದಳು. ಜೋರಾಗಿ ಹೇಳಲಿಲ್ಲ. "ಹುಟ್ಟಿದಾಗಿನಿಂದ ನನ್ನ ಹೆಸರನ್ನು ಯಾರ್ಯಾರೋ ಎಲ್ಲೆಲ್ಲೋ ಬರೆದರು, ತೆಗೆದರು. ಒಬ್ಬರೂ ಕೇಳಲಿಲ್ಲ."

ಪಾಯಸ ಬೆಕ್ಕಿನ ಪಾಲಾಯಿತು. ಸಿದ್ದಪ್ಪಣ್ಣನಿಗೆ ಹೇಳಿದರೆ ಅವನು ನಕ್ಕುಬಿಟ್ಟ. "ಸುಟ್ಟಾಕ್ಬುಡು ತಾಯಿ, ಅಷ್ಟಕ್ಕೆ ಅಳ್ತಾರಾ? ನಮ್ಮತ್ತೆ ಸತ್ತು ಆರ್ ವರ್ಸ ಆಯ್ತು, ಲಿಸ್ಟ್‌ನಲ್ಲಿ ಇನ್ನೂ ಬದುಕವ್ಳೆ." ನನಗೂ ಅಷ್ಟು ಸುಲಭ ಅನ್ನಿಸಿತ್ತು. ಕಾರ್ಡು ಸುಡಬಹುದು, ಪಟ್ಟಿಯನ್ನು ಸುಡಲಾಗುವುದಿಲ್ಲ.

ಯೋಗಂ ಚೀಲ ಕಟ್ಟಿಕೊಂಡು ಕ್ಯಾಂಪಿಗೆ ಹೋದಳು. ಎರಡು ವಾರ ಕಳೆದು ಒಂದು ಮಧ್ಯಾಹ್ನ ಬಂದಳು, ಒಳಗೆ ಬರಲಿಲ್ಲ. ಹಿಂಗಾರು ಮಳೆ ಜಿನುಗುತ್ತಿತ್ತು. ಹೊಸ್ತಿಲ ಆಚೆ ನಿಂತೇ ಹೇಳಿದಳು. ಪೊಲೀಸ್ ವಿಚಾರಣೆಯಲ್ಲಿ ಅವಳ ಆಧಾರ್ ನಂಬರಿಗೆ ಓಟಿನ ಪಟ್ಟಿಯ ಹೆಸರು ಸಿಕ್ಕಿದೆ. ಫೈಲು ನಿಂತಿದೆ. ಹೆಸರು ಸೇರಿಸಿದವರು ಬಂದು, ಇದು ಇವಳಿಗೆ ಗೊತ್ತಿಲ್ಲದೆ ಆದದ್ದು ಅಂತ ಬರೆದುಕೊಟ್ಟರೆ ಮುಂದೆ ಹೋಗಬಹುದಂತೆ. ಇಲ್ಲದಿದ್ದರೆ ಇವಳ ಮೇಲೆ ಕೇಸು; ಕೇಸು ಮುಗಿಯುವ ತನಕ ದೇಶ ಬಿಡುವ ಹಾಗಿಲ್ಲ. ಅದು ಎಷ್ಟು ವರ್ಷ ಅಂತ ಯಾರೂ ಹೇಳುವುದಿಲ್ಲ.

ಬನ್ನಿ ಅಂತ ಅವಳು ಕೇಳಲಿಲ್ಲ. ಹೇಳಿ, ನಿಂತಳು.

"ನೋಡಾಣ" ಅಂದೆ ನಾನು.

ಇಷ್ಟು ವರ್ಷವಾದರೂ ಆ ನೋಡಾಣ ಅನ್ನುವ ಮಾತು ನನ್ನ ಬಾಯಲ್ಲೇ ಇದೆ. ಅವಳು ತಲೆ ಆಡಿಸಿ ಕೊಡೆ ಬಿಚ್ಚಿದಳು.

ಎಂಟು ದಿನ ನೋಡಿದೆ. ಮಕ್ಕಳ ತೂಕ ತೆಗೆದೆ, ಮೊಟ್ಟೆ ಬೇಯಿಸಿದೆ, ಅವರೆಕಾಯಿ ಸುಲಿದೆ, ರಾಗಿ ಕೊಯ್ಲಿಗೆ ಆಳು ಹೇಳಿದೆ. ಇಪ್ಪತ್ತೆರಡು ವರ್ಷದ ಕೆಲಸ, ಬರೆದುಕೊಟ್ಟರೆ ಹೋಗಬಹುದು. ಅದು ಒಂದು ಭಯ. ಇನ್ನೊಂದನ್ನು ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತೇನೆ. ನಾನು ಹೋಗದಿದ್ದರೆ ಅವಳು ಇಲ್ಲೇ ಇರುತ್ತಾಳೆ. ಸಿಟ್ಟಿಳಿದ ಮೇಲೆ ಬಂದೇ ಬರುತ್ತಾಳೆ. ಹಿತ್ತಲಲ್ಲಿ ಆ ಮೂರು ಕಲ್ಲು ಹಾಗೇ ಇತ್ತು. ದಿನಾ ಬೆಳಗ್ಗೆ ಗುಡಿಸುವಾಗ ಸುತ್ತ ಗುಡಿಸುತ್ತಿದ್ದೆ, ತೆಗೆಯುತ್ತಿರಲಿಲ್ಲ. ತಂಗಿ ಅಂತ ಒತ್ತಿದ ದಿನವೂ ನನ್ನ ಬೆರಳಿಗೆ ಇದು ಗೊತ್ತಿತ್ತು ಅಂತ ಆ ಎಂಟು ದಿನದಲ್ಲಿ ನನಗೆ ತಿಳಿಯಿತು.

ಒಂಬತ್ತನೇ ದಿನ ಸಂಜೆ ನನ್ನ ಫೋನಿಗೆ ದೊಡ್ಡ ನಂಬರಿನ ಕರೆ ಬಂತು. ದರ್ಶಿನಿ. ಅಮ್ಮನ ಫೋನು ಸಿಗುತ್ತಿಲ್ಲವಂತೆ.

"ಪೆರಿಯಮ್ಮಾ, ಅಮ್ಮನ ಪೇಪರ್ ಬಂತಾ?"

ಪೆರಿಯಮ್ಮ ಅಂದರೆ ದೊಡ್ಡಮ್ಮ. ಆ ಕೂಸು ಮೊದಲಿಂದಲೂ ಹಾಗೆಯೇ ಕರೆಯುತ್ತಿತ್ತು. ಬರುತ್ತದೆ ಕಣಮ್ಮ ಅಂದೆ.

"ನಾನು ಈಗ ಅಪ್ಪನ ಭುಜಕ್ಕೆ ಬಂದಿದ್ದೇನೆ. ಏರ್‌ಪೋರ್ಟಿಗೆ ನಾನೂ ಹೋಗ್ತೇನೆ. ಅಮ್ಮ ಎದುರಿಗೆ ಬಂದಾಗ ನಾನೇ ಮೊದಲು ಮಾತಾಡಬಾರದು ಅಂತಿದ್ದೇನೆ, ಗುರುತು ಹಿಡೀತಾಳಾ ನೋಡೋಣ ಅಂತ." ನಗುತ್ತಿತ್ತು. ಆಮೇಲೆ ನಗು ನಿಲ್ಲಿಸಿ ಕೇಳಿತು: "ಹಿಡೀತಾಳೆ ಅಲ್ವಾ?"

ಬೆಳಗ್ಗೆ ಮಾದಮ್ಮನಿಗೆ ಮಕ್ಕಳನ್ನು ಒಪ್ಪಿಸಿ, ಕ್ಯಾಂಪಿನ ಫೋನಿಗೆ ಸುದ್ದಿ ಮುಟ್ಟಿಸಿ, ತಾಳವಾಡಿಯ ತಾಲ್ಲೂಕು ಕಚೇರಿಗೆ ಹೋಗಿ ಹೇಳಿಕೆ ಕೊಡಲು ದಿನ ಗೊತ್ತುಮಾಡಿಸಿಕೊಂಡೆ. ಮೂರನೇ ದಿನ ಕಚೇರಿಗೆ ಇಬ್ಬರನ್ನೂ ಕರೆದರು.

ಅಧಿಕಾರಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೆಟ್ಟವರಲ್ಲ. ನೆಗಡಿಯಾಗಿತ್ತು ಅವರಿಗೆ, ಕರವಸ್ತ್ರ ಮಡಚುತ್ತಾ ಬಿಚ್ಚುತ್ತಾ ತಮಿಳಿನಲ್ಲಿ ಕೇಳಿದರು. ಯೋಗಂ ನನ್ನ ಪಕ್ಕ, ಎರಡು ಕುರ್ಚಿ ಬಿಟ್ಟು ಕೂತಿದ್ದಳು. ನನಗಾಗಿ ಬಂದವಳಲ್ಲ ಅಂತ ತೋರಿಸುವ ಹಾಗೆ ನೇರ ಮುಂದೆ ನೋಡುತ್ತಿದ್ದಳು.

"ಇಲ್ಲಿ ತಂಗಿ ಅಂತ ಹಾಕಿದ್ದೀರಿ. ನಿಮ್ಮ ತಂಗಿಯೇ?"

"ಅಲ್ಲ ಸಾರ್."

"ಚಿಕ್ಕಪ್ಪ ದೊಡ್ಡಪ್ಪನ ಕಡೆ?"

"ಅಲ್ಲ."

"ಮದುವೆ ಕಡೆಯಿಂದ ಏನಾದರೂ? ಒಂದೇ ಊರು?"

"ಇಲ್ಲ ಸಾರ್."

"ನೋಡಿ ಅಮ್ಮ, ಸುತ್ತಿ ಬಳಸಿ ಹೇಳಿದರೆ ಆಗುವುದಿಲ್ಲ. ಏನೋ ಒಂದು ಸಂಬಂಧ ಇದೆ ಅಂದರೆ, ಇವರು ಹೇಳಿಸಿಯೇ ನೀವು ಮಾಡಿದ್ದು ಅಂತ ಮೇಲಿನವರು ಬರೆಯುತ್ತಾರೆ. ಇವರು ನಿಮಗೆ ಯಾರು?"

ಗೋಡೆಯಲ್ಲ, ಆನೆಯಲ್ಲ, ಏನೂ ನೆನಪಾಗಲಿಲ್ಲ ನನಗೆ. ಅವಳ ಚಪ್ಪಲಿಯ ಉಂಗುಷ್ಠಕ್ಕೆ ನನ್ನ ನೀಲಿ ರವಿಕೆಯ ಪಟ್ಟಿ ಕಟ್ಟಿಕೊಂಡಿದ್ದಳು, ಕಿತ್ತುಹೋಗಿದ್ದಕ್ಕೆ. ಅದೊಂದು ಕಾಣಿಸಿತು.

"ಯಾರೂ ಅಲ್ಲ ಸಾರ್" ಅಂದೆ.

ಗುಮಾಸ್ತ ಬರೆದುಕೊಂಡ. ಮೇಲ್ಕಂಡವರಿಗೂ ನನಗೂ ಯಾವ ಸಂಬಂಧವೂ ಇಲ್ಲ, ಅವರಿಗೆ ತಿಳಿಯದೆ ನಾನೇ ಮಾಡಿದ್ದು. ಸಹಿ ಹಾಕಿದೆ. ಅದನ್ನೇ ಅವಳನ್ನೂ ಕೇಳಿದರು. ಅವಳ ದನಿ ನನಗಿಂತ ಗಟ್ಟಿಯಾಗಿತ್ತು. "ಕೆಲಸ ಕೊಟ್ಟ ಟೀಚರ್. ಬಾಡಿಗೆ ಕೋಣೆ. ಬೇರೆ ಏನೂ ಇಲ್ಲ." ಅವಳೂ ಸಹಿ ಹಾಕಿದಳು. ವಿಚಾರಣೆ ಮುಗಿಯುವ ತನಕ ಮಾತು ಕತೆ, ಫೋನು ಏನೂ ಬೇಡ, ಯಾರಾದರೂ ನೋಡಿ ಹೇಳಿದರೆ ನಿಮ್ಮ ಹೇಳಿಕೆಯೇ ಸುಳ್ಳಾಗುತ್ತದೆ ಅಂತ ಅಧಿಕಾರಿ ಎಚ್ಚರಿಸಿದರು. ಒಳ್ಳೆಯದಕ್ಕೇ ಹೇಳಿದ್ದು.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ನನಗೆ ಮೆಮೋ ಬಂತು, ವಿಚಾರಣೆಯಾಯಿತು, ಕೆಲಸ ಉಳಿಯಿತು, ಊರು ಬದಲಾಯಿತು. ಶಿವರಾತ್ರಿ ಕಳೆದ ಮೇಲೆ ಅವಳಿಗೆ ಅನುಮತಿ ಸಿಕ್ಕಿತು. ಹೋದರೆ ಮತ್ತೆ ಬರುವ ಹಾಗಿಲ್ಲ ಅನ್ನುವ ಅನುಮತಿ. ಹೋದಳಂತೆ, ಮಗಳು ಏರ್‌ಪೋರ್ಟಿಗೆ ಬಂದಿದ್ದಳಂತೆ. ಬಣ್ಣದ ಮೇಸ್ತ್ರಿ ಸಂತೆಯಲ್ಲಿ ಸಿಕ್ಕಾಗ ಹೇಳಿದ. ಗುರುತು ಹಿಡಿದಳಾ ಅಂತ ಕೇಳಿದೆ. ಅವನಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಅವಳಿಂದ ನನಗೆ ಕರೆ ಬಂದಿಲ್ಲ. ನನ್ನ ಕೆಲಸಕ್ಕೆ ತೊಂದರೆಯಾದೀತು ಅಂತ ಮಾಡಿಲ್ಲವೋ, ಮನಸ್ಸೇ ಆಗಿಲ್ಲವೋ. ನಾನೂ ಮಾಡಿಲ್ಲ.

ಅವತ್ತು ಕಚೇರಿಯಿಂದ ಇಬ್ಬರೂ ಒಟ್ಟಿಗೇ ಇಳಿದೆವು, ಒಂದು ಹತ್ತು ಹೆಜ್ಜೆ ಅಂತರದಲ್ಲಿ. ತಾಳವಾಡಿ ಬಸ್ ನಿಲ್ದಾಣದಲ್ಲಿ ಅವಳು ಸತ್ಯಮಂಗಲದ ಬಸ್ಸು ನಿಲ್ಲುವ ಕಡೆ ನಿಂತಳು, ನಾನು ಈಚೆ ಹೂವಿನ ಮೂಟೆಗಳ ಹತ್ತಿರ ನಿಂತೆ. ಸಣ್ಣ ಹನಿ ಬೀಳುತ್ತಿತ್ತು. ಅವಳ ಹತ್ತಿರ ಕೊಡೆ ಇರಲಿಲ್ಲ, ನನ್ನ ಹತ್ತಿರ ಇತ್ತು. ಬಿಚ್ಚಲಿಲ್ಲ. ಇಬ್ಬರೂ ನೆನೆದೆವು. ಮುಕ್ಕಾಲು ಗಂಟೆ ಬಸ್ಸು ಬರಲಿಲ್ಲ. ಒಂದು ಸಲ ಅವಳು ಈ ಕಡೆ ತಿರುಗಿ, ನನ್ನ ತಲೆಯ ಮೇಲಿಂದ, ನನ್ನ ಹಿಂದಿನ ಗೋಡೆಯಲ್ಲಿ ಏನೋ ಓದುವವಳ ಹಾಗೆ ನೋಡಿದಳು.

ಬಸ್ಸು ಬಂತು. ಹತ್ತಿದಳು, ಆಚೆ ಬದಿಯ ಕಿಟಕಿಗೆ ಕೂತಳು. ಬಸ್ಸು ತಿರುಗುವ ತನಕ ನಾನು ನೋಡುತ್ತಲೇ ಇದ್ದೆನೆಂದು ಕಾಣುತ್ತದೆ. ಮೂಟೆಯ ಮೇಲೆ ಕೂತಿದ್ದ ಹೆಂಗಸೊಬ್ಬಳು, ಗುರುತಿಲ್ಲದವಳು, ನನ್ನ ಮುಖ ನೋಡಿ ಕೇಳಿದಳು:

"ಆವಮ್ಮ ನಿಮ್ಮೋರಾ?"

ಅಲ್ಲಿ ಅಧಿಕಾರಿ ಇರಲಿಲ್ಲ, ಬರೆದುಕೊಳ್ಳುವವರು ಯಾರೂ ಇರಲಿಲ್ಲ.

"ಅಲ್ಲ" ಅಂದೆ.